ಎದ್ದು ಬರಬಹುದಾದ ಕೆಲಸ

ಕೋಳಿ ಕೂಗುವ ಮೊದಲೇ ಗುರುಶಾಂತಮ್ಮ ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಎಳೆದಿರುತ್ತಿದ್ದಳು. ಕೊಟ್ಟಿಗೆ ಬಳಿದು, ಹಾಲು ಕರೆದು, ಬಾವಿಯಿಂದ ಹದಿನಾಲ್ಕು ಕೊಡ ನೀರು ಸೇದಿ, ಹಂಡೆಗೆ ಉರಿ ಹಾಕಿ, ಮಾವನ ಲಿಂಗಪೂಜೆಗೆ ವಿಭೂತಿ, ಬಿಲ್ವಪತ್ರೆ ಜೋಡಿಸಿ, ಚಟ್ನಿ ರುಬ್ಬಿ, ರೊಟ್ಟಿಗೆ ಹಿಟ್ಟು ಮಿದ್ದಿಡುವಷ್ಟರಲ್ಲಿ ಹುಣಸೂರಿಗೆ ಬೆಳಕಾಗುತ್ತಿತ್ತು. ಮನೆಯವರ ಲೆಕ್ಕದಲ್ಲಿ ಕೆಲಸ ಶುರುವಾಗುವುದು ಆಮೇಲೆ.

ಮೂವತ್ತರ ದಶಕದ ಮಾತಿದು. ಹೊಸ ಅಗ್ರಹಾರದಲ್ಲಿ ಗಂಡ ಪ್ಲೇಗಿನಿಂದ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಸೋದರತ್ತೆ ವೀರಮ್ಮ ಗಾಡಿ ಕಟ್ಟಿಸಿಕೊಂಡು ಬಂದು ಹುಣಸೂರಿನ ತಮ್ಮ ಮನೆಗೆ ಕರೆದೊಯ್ದರು. ನೆಂಟರ ಬಾಯಿ ಮುಚ್ಚಿಸಿ ಓದಿಸಿದರು. ಲೋಯರ್ ಸೆಕೆಂಡರಿ ಪರೀಕ್ಷೆಯ ವಾರವಿಡೀ ತಾವೇ ನೀರು ಸೇದಿದರು. ಅವರ ಮಂಡಿನೋವು ಅಲ್ಲಿಂದಲೇ ಹಿಡಿದದ್ದು. ಗುರುಶಾಂತಮ್ಮ ಅದನ್ನು ಒಂದು ದಿನವೂ ಮರೆತವಳಲ್ಲ.

ಪಾಸಾದರೂ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಜಾಗ ಖಾಲಿಯಿರಲಿಲ್ಲ. "ಯಾರಾದರೂ ರಜಾ ಹಾಕಿದ ದಿನ ಹೇಳಿಕಳಿಸ್ತೀನಿ. ಕೂಡಲೇ ಬರಬೇಕು. ಹಾಗೆ ಬಂದವರಿಗೇ ಮುಂದೆ ಖಾಯಂ ಕೆಲಸ" ಎಂದಿದ್ದರು ಹೆಡ್‌ಮಿಸ್ಟ್ರೆಸ್.

ಒಂದು ದಿನ ಹತ್ತು ಗಂಟೆಗೆ ಸ್ಕೂಲಿನ ಜವಾನ ದಾಸಯ್ಯ ಬಾಗಿಲಲ್ಲಿ ನಿಂತ. ಮಾವ ಶಿವನಂಜಪ್ಪ ಪೂಜೆಯಲ್ಲಿದ್ದರು. ಪೂಜೆ ಮುಗಿದು, ಅವರಿಗೆ ಬಡಿಸಿ, ಎಲೆ ಎತ್ತಿ ಓಡಿದಾಗ ಮಂಗಳಮ್ಮ ಎಂಬ ಇನ್ನೊಬ್ಬಳು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಳು. "ಇನ್ನೊಂದು ಸಲ ಹೀಗಾದರೆ ಪಟ್ಟಿಯಿಂದ ಹೆಸರು ತೆಗೀತೀನಿ" ಎಂದರು ಹೆಡ್‌ಮಿಸ್ಟ್ರೆಸ್.

ಹಿತ್ತಲಿಗೆ ಬೆರಣಿ ತಂದ ಪುಟ್ಟಮಾದಮ್ಮ ಇದನ್ನು ಕೇಳಿ ನಕ್ಕುಬಿಟ್ಟಳು. ಅವಳು ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವವಳು.

"ಅಡಿಗೆಮನೆಯಿಂದ ಏಳೋಕಾದದೇನ್ ಸಾಂತವ್ವ? ಯಮ ಬಂದ್ರೂವೆ, ತಡಿ, ಸಾರಿಳಿಸಿ ಬತ್ತೀನಿ ಅನ್ಬೇಕು. ನಮ್ ತಾವ ಬಾ. ಮೊರಕ್ಕಿಷ್ಟು ಅಂತ ಕೂಲಿ. ಅರ್ಧಕ್ಕೆ ಎದ್ದೋದ್ರೂ ಯಾರೂ ಕೇಳಾಕಿಲ್ಲ ಕಣವ್ವ."

ಅಂದೇ ಗುರುಶಾಂತಮ್ಮ ಅತ್ತೆಯ ಮುಂದೆ ಮಾತೆತ್ತಿದಳು.

"ಕೂಲಿಗಾ?" ವೀರಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ನಾನೇನ್ ನಿನ್ನ ಕೆಲ್ಸದೋಳು ಅಂತ ನೋಡಿದ್ನೇನೇ?"

"ಇಲ್ಲ ಕಣತ್ತೆ. ಮಗಳು ಅಂತ ನೋಡಿದೀರಿ. ಅದಕ್ಕೇ ನಂಗೆ ಎದ್ದು ಹೋಗಕ್ಕಾಗಲ್ಲ."

ಮುಂದಿನ ಸೋಮವಾರ ವೀರಮ್ಮ ಬುತ್ತಿಯ ಗಂಟನ್ನು ಅವಳ ಕೈಗಿತ್ತು, ಒಳಗಿದ್ದ ಗಂಡನಿಗೆ ಕೇಳುವಂತೆ, "ಇವತ್ತಿಂದ ಬಿಸಿನೀರು ನೀವೇ ತೋಡ್ಕೊಳಿ ಕಣ್ರೀ. ನನ್ನ ಮಂಡಿ ಬಗ್ಗಲ್ಲ" ಎಂದರು. ಶಿವನಂಜಪ್ಪ ಚೊಂಬು ಎಲ್ಲಿದೆಯೆಂದು ಮೂರು ಸಲ ಕೇಳಿದರಂತೆ.

ಕಾರ್ಖಾನೆಯಲ್ಲಿ ಕೊಡಗಿನಿಂದ ಬಂದ ಬೀಜದ ರಾಶಿ; ಎದುರು ಸಾಲಾಗಿ ಕುಳಿತ ಹೆಂಗಸರು. ಕಪ್ಪು ಬೀಜ, ಒಡಕು ಬೀಜ ತೆಗೆಯುತ್ತ ಮೊದಲ ದಿನ ಅವಳ ಕಣ್ಣು ನೀರಾಡಿತು. ಎಡಬಲದವರು ಕೇಳದೆಯೇ ಅವಳ ಮೊರಕ್ಕೆ ಕೈಹಾಕಿದರು. ಮಧ್ಯಾಹ್ನ ಕಾಲು ಚಾಚಿ ಕುಳಿತು ಉಂಡಳು. ಯಾರಿಗೂ ಬಡಿಸದೆ ಉಂಡು ಎಷ್ಟು ವರ್ಷವಾಗಿತ್ತೋ!

ಹೊರಡುವಾಗ ಪುಟ್ಟಮಾದಮ್ಮ ಪಿಸುಗುಟ್ಟಿದಳು: "ಸ್ಕೂಲಲ್ಲಿ ಯೋಳ್ಬ್ಯಾಡ. ಕೂಲಿಯೋಳ್ನ ಮೇಡಮ್ಮನ್ನ ಮಾಡ್ಕಂಡಾರಾ? ಜವಾನ ಮನೆ ತಾವೇ ಬರ್ಲಿ. ಅಲ್ಲಿಂದ ಯಾರಾರ ಬಂದು ಯೋಳ್ತಾರೆ ಬುಡು."

ದಾಸಯ್ಯ ಮನೆಗೆ ಬಂದು, ಅಲ್ಲಿಂದ ಕಾರ್ಖಾನೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಂಗಳಮ್ಮ ಮಗ್ಗಿ ಮುಗಿಸಿರುತ್ತಾಳೆ. ಹೇಳಿಬಿಟ್ಟರೆ, ಹೆಸರೇ ಹೋದರೂ ಹೋಯಿತು. ಅತ್ತೆಯನ್ನು ಕೇಳೋಣವೆಂದುಕೊಂಡಳು. ಅವರ ಮೇಲೆ ಇದನ್ನೂ ಹೊರಿಸಲು ಮನಸ್ಸಾಗಲಿಲ್ಲ. ಸಂತೆಬೀದಿಯ ತಿರುವಿನಲ್ಲಿ ಒಬ್ಬಳೇ ಕೊಂಚ ಹೊತ್ತು ನಿಂತಳು. ಸೆರಗಿಗೆ ಅಂಟಿದ್ದ ಕಾಫಿಹೊಟ್ಟನ್ನು ಕೊಡವಲೂ ಇಲ್ಲ, ನೇರ ಸ್ಕೂಲಿಗೆ ನಡೆದಳು. ದಾಸಯ್ಯ ಗೇಟಿಗೆ ಬೀಗ ಹಾಕುತ್ತಿದ್ದ. ಹೆಡ್‌ಮಿಸ್ಟ್ರೆಸ್ ಇನ್ನೂ ಜಗುಲಿಯಲ್ಲೇ ಇದ್ದರು.

ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ದಾಸಯ್ಯನೋರೆ, ಇನ್ಮೇಲೆ ಮನೆ ಹತ್ರ ಹೋಗ್ಬೇಡಿ. ನಾನು ಕಾಫಿ ಕಾರ್ಖಾನೇಲಿ ಬೀಜ ಆರಿಸ್ತಾ ಇರ್ತೀನಿ. ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿ."