ಪ್ರಾರ್ಥನೆಗೆ ಅವಕಾಶವಿಲ್ಲದ ಕೋಣೆ

ಗುನ್‌ಸಾನ್ ಬಂದರಿನ ನಮ್ಮ ಚರ್ಚಿನ ಮೂರನೆಯ ಮಹಡಿಯಲ್ಲಿ, ನೊಂದ ದಂಪತಿಗಳ ಮಾತು ಕೇಳಲು ಯೋಮ್ ಸುಕ್‌ಹೀ ಅವರು ಮೊದಲು ಕುಳಿತದ್ದು 2003ರ ಏಪ್ರಿಲ್ 3ರಂದು, ಗುರುವಾರ. ಅದಕ್ಕೆ ಮುನ್ನ ಇಪ್ಪತ್ತೆರಡು ವರ್ಷ ದಾದಿಯಾಗಿದ್ದರು. ಸಭೆಯ ಹಿರಿಯನಾಗಿ ಕೋಣೆಯ ಬೀಗದ ಕೈ ನನ್ನ ವಶದಲ್ಲಿದ್ದುದರಿಂದ ದಿನಾಂಕಗಳಿಗೆ ನಾನು ಹೊಣೆ; ಒಳಗಿನ ಮಾತುಗಳನ್ನು ಇಲ್ಲಿ ಬರುವ ದಂಪತಿಗಳೇ ತಿಳಿಸಿ, ಬರೆಯಲು ಒಪ್ಪಿದ್ದಾರೆ.

ಅಲ್ಲಿದ್ದುದು ಒಂದೇ ನಿಯಮ: ಪ್ರಾರ್ಥನೆ ಕೂಡದು. ಪಾದ್ರಿಗಳು ಬೇಸರಪಟ್ಟರು. ಆದರೆ ಮುಂಜಾನೆ ಐದರ ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಮೊರೆಯಿಡುವಾಗ, ಪಕ್ಕದ ಹೆಂಡತಿಗೆ ಕೇಳಿಸುವಂತೆಯೇ ದೇವರ ಬಳಿ ಅವಳ ಮೇಲೆ ದೂರು ಹೇಳುವ ಗಂಡಂದಿರನ್ನು ಸುಕ್‌ಹೀ ಬಲ್ಲರು.

2019ರಲ್ಲಿ ಬಂದವರು ಮೀನುಬಲೆಯ ಅಂಗಡಿಯ ಕೀ ಜೊಂಗ್‌ಮಾನ್ ಮತ್ತು ಅವನ ಹೆಂಡತಿ, ನಮ್ಮ ಚರ್ಚಿನ ಸಭಾಸೇವಕಿ ಪ್ಯೋ ಮಿರಾನ್. ಸೆಪ್ಟೆಂಬರ್ 9ರಂದು ವಿಚ್ಛೇದನಕ್ಕೆ ಅರ್ಜಿ ಕೊಟ್ಟಿದ್ದರು. ಮಗ ಸಾನ್‌ಹಾ ಇನ್ನೂ ಶಾಲೆಯಲ್ಲಿದ್ದುದರಿಂದ, ಮೂರು ತಿಂಗಳು ಯೋಚಿಸಿ ಬನ್ನಿರೆಂದು ನ್ಯಾಯಾಲಯ ಎರಡು ದಿನಾಂಕ ಕೊಟ್ಟಿತ್ತು: ಡಿಸೆಂಬರ್ 12 ಮತ್ತು 26. ಯಾವುದಾದರೊಂದಕ್ಕೆ ಇಬ್ಬರೂ ಹಾಜರಾದರೆ ವಿಚ್ಛೇದನ ಖಚಿತ; ಎರಡಕ್ಕೂ ಹೋಗದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು.

ಹತ್ತು ಗುರುವಾರ ಕಳೆದರೂ ಇಬ್ಬರೂ ಸುಕ್‌ಹೀಯವರೊಡನೆ ಮಾತ್ರ ಮಾತಾಡಿದರು, ಪರಸ್ಪರ ಅಲ್ಲ. ಅರವತ್ತೆರಡರ ಸುಕ್‌ಹೀಯವರ ಮಂಡಿಗಳು ಆ ವೇಳೆಗೆ ಎರಡನೆಯ ಮಹಡಿಯಲ್ಲೇ ಸೋಲುತ್ತಿದ್ದವು.

ಡಿಸೆಂಬರ್ 5ರಂದು ಜೊಂಗ್‌ಮಾನ್ ಏಕಾಏಕಿ ಕಣ್ಣು ಮುಚ್ಚಿ ಕೈಜೋಡಿಸಿದ. “ಕರ್ತನೇ, ಈ ಪ್ಯೋ ಸಭಾಸೇವಕಿಗೆ ಸ್ವಲ್ಪ ಮೆತ್ತಗಿನ ನಾಲಿಗೆ ಕೊಡಪ್ಪಾ.”

“ನೋಡಿ ಅಮ್ಮ, ಚಾಡಿ ಶುರುವಾಯ್ತು” ಎಂದಳು ಮಿರಾನ್.

ತಡೆಯುವ ತ್ರಾಣ ಸುಕ್‌ಹೀಯವರಿಗಿರಲಿಲ್ಲ. “ಮುಗಿಸಿಬಿಡಿ, ಸಾನ್‌ಹಾ ಅಪ್ಪ. ಆದ್ರೆ ಕಣ್ಣು ಬಿಟ್ಟು, ಹೆಂಡತಿ ಮುಖ ನೋಡ್ಕೊಂಡು.”

ಅವನು ಕಣ್ಣು ತೆರೆದ. ಜೋಡಿಸಿದ್ದ ಕೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡ.

“ಯಾಕೆ, ದೇವರು ಎದ್ದು ಹೋದ್ರಾ?” ಎಂದಳು ಮಿರಾನ್.

“ಕರ್ತನೇ, ಇವಳ ಅಮ್ಮ ಸತ್ತ ದಿನ ಇವಳು ಏಳು ಸಲ ಫೋನ್ ಮಾಡಿದ್ಲು. ಚರ್ಚ್ ಕಮಿಟಿ ಮೀಟಿಂಗ್‌ನಲ್ಲಿದ್ದೆ ಅಂದಿದ್ದೆ. ಮೀಟಿಂಗ್ ಆಗ್ಲೇ ಮುಗಿದಿತ್ತು. ಆಸ್ಪತ್ರೆಗೆ ಬರೋಕೆ ಹೆದರಿಕೆಯಾಗಿ ಗಾಡೀಲೇ ಕೂತಿದ್ದೆ.”

“ನನಗೆ ಹೇಳ್ತಿದೀರೋ, ಆತನಿಗೋ?”

“ನಿನಗೇ.”

“ಐದು ವರ್ಷ ಬೇಕಾಯ್ತು” ಎಂದಷ್ಟೇ ಹೇಳಿ ಅವಳು ಕೈಚೀಲ ಎತ್ತಿಕೊಂಡು ಹೊರಟುಹೋದಳು.

12ರಂದು ನ್ಯಾಯಾಲಯ ಕರೆದಿದ್ದುದು ಮಧ್ಯಾಹ್ನ ಎರಡಕ್ಕೆ. ನಮ್ಮ ಕೋಣೆಯ ವೇಳೆಯೂ ಅದೇ. ಸುಕ್‌ಹೀ ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಯಾರೂ ಬಾರದಿದ್ದರೆ ಮನೆಗೆ ಹೋಗಿ ಮಲಗಬಹುದೆಂಬ ಆಸೆಯೂ ಇತ್ತೆಂದು ಆಮೇಲೆ ನನ್ನಲ್ಲಿ ಒಪ್ಪಿಕೊಂಡರು. ಆಗ ಕೆಳಗಿನಿಂದ ಮಿರಾನ್ ಮತ್ತು ಜೊಂಗ್‌ಮಾನ್ ಧ್ವನಿಗಳು ಕೇಳಿಸಿದವು.

“ಗಾಡಿ ಅಲ್ಲಿ ನಿಲ್ಲಿಸ್ಬೇಡಿ ಅಂದ್ನಲ್ಲ, ಕೇಳಿದ್ರಾ?”

“ಹಾಗಾದ್ರೆ ನೀನೇ ಓಡಿಸ್ಬೇಕಿತ್ತು.”

ಆ ಜಗಳದಲ್ಲಿ ಕರ್ತನನ್ನು ಯಾರೂ ಕರೆಯಲಿಲ್ಲ. 26ನೆಯ ತಾರೀಖು ಇನ್ನೂ ಉಳಿದಿತ್ತು. ಸುಕ್‌ಹೀ ಕಂಬಿ ಹಿಡಿದು ಎದ್ದು, ಮಿಕ್ಕ ಹದಿನಾರು ಮೆಟ್ಟಿಲು ಹತ್ತತೊಡಗಿದರು.