ಸೈಕಲ್ಲಿನ ಹಗ್ಗ

ಸೈಕಲ್ ಮಾರಿ ಇನ್ನೂ ತಾಸು ಆಗಿದ್ದಿಲ್ಲ. ನನ್ನ ಹೆಂಡ್ತಿ ಸೆರಗಿನ ಗಂಟು ಬಿಚ್ಚಿ ಒಂದು ಉಕ್ಕಿನ ಸಳಿ ತಗದು ದೇವರ ಜಗಲಿ ಮ್ಯಾಲೆ ಇಟ್ಟಳು. ನೋಡಿದ ಕೂಡಲೇ ಗುರ್ತು ಹತ್ತಿತು. ಅದು ಸೈಕಲ್ಲಿನ ಮುಂದಿನ ಗಾಲಿ ಬಿಗಿಹಿಡಿಯೋ ಸಳಿ. ಅದಿಲ್ಲದಿದ್ರ ಗಾಲಿ ಬರೇ ಮ್ಯಾಲಿನ ಭಾರಕ್ಕ ನಿಂತಿರ್ತದ. ಎಲ್ಲೆರ ಹ್ಯಾಂಡಲ್ ತುಸು ಮ್ಯಾಲೆ ಎದ್ರ ಸಾಕು, ಗಾಲಿ ಕಳಚಿ ತನ್ನ ಹಾದಿ ತಾ ಹಿಡೀತದ. ಅಂಥಾ ಸೈಕಲ್ ಮ್ಯಾಲೆ ಕುಂತು ಒಬ್ಬ ಮಾಸ್ತರು ಆ ಹೊತ್ತಿಗೆ ಕಮಲಾಪುರದ ದಾರಿ ಹಿಡದಿದ್ರು.

"ಏನ್ ಮಾಡಿಟ್ಟಿಯೇ ಮಾರಾಯ್ತಿ?" ಅಂದೆ.

"ಹಗ್ಗ ಇಟಗೊಂಡೀನಿ," ಅಂದಳು, ಭಾಳ ದೊಡ್ಡ ಪುಣ್ಯದ ಕೆಲಸ ಮಾಡಿದವರಂಗ.

ಅಕಿ ತವರುಮನಿ ಶರಣಸಿರಸಗಿ. ಎಮ್ಮಿ ಕಟ್ಟಿ ಹಾಲು ಮಾರೋ ಮನಿತನ. ಎಮ್ಮಿ ಮಾರಿದ್ರ ಅದರ ಕೊರಳಿನ ಹಗ್ಗ ಮಾತ್ರ ಅವರು ಕೊಡಂಗಿಲ್ಲ, ಕೊಂಡವರು ತಮ್ಮ ಹಗ್ಗ ತಾವು ತರಬೇಕು. ಹಗ್ಗ ಹೋದ್ರ ಅದರ ಹಿಂದ ಮನಿ ಲಕ್ಷ್ಮಿನೂ ಹೊಂಟು ಹೋಗ್ತಾಳಂತ. ಖೂಬಾ ಪ್ಲಾಟ್ ಬಡಾವಣ್ಯಾಗಿನ ನಮ್ಮ ಸಣ್ಣ ಮನ್ಯಾಗ ಆ ಉದ್ದ ಸೈಕಲ್ ಹಿಡೀತಿದ್ದಿಲ್ಲ. ಹಿಂಗಾಗಿ ನಾ ಒಳಗ ಬಂದಾಗೊಮ್ಮೆ ಆ ಸಳಿ ಬಿಚ್ಚಿ ಗಾಲಿ ತಗೀತಿದ್ದೆ, ಹೊರಗ ಹೋಗೋಮುಂದ ಮತ್ತ ಬಿಗೀತಿದ್ದೆ. ಅಕಿ ಬಂದಾಗಿಂದ ಅದನ್ನ ನೋಡ್ಯಾಳ. ಬಿಚ್ಚೋದು, ಕಟ್ಟೋದು ಅಂದ್ರ ಅಕಿ ಲೆಕ್ಕದಾಗ ಹಗ್ಗನ. ಬ್ಯಾರೇನ ಇರಾಕ ಹ್ಯಾಂಗ ಸಾಧ್ಯ?

ನಾ ಹರೇದಾಗ ರೇಸ್ ಹೊಡೀತಿದ್ದೆ. ಪುಣೆ ಕಡಿ ಒಬ್ಬ ಮುದುಕ ಕಾರಿಗಾರ ನನ್ನ ಕಾಲು, ತೋಳು, ಬೆನ್ನು ಅಳತಿ ಮಾಡಿ, ಉಕ್ಕಿನ ಕೊಳವಿ ಕೊರದು, ಹಿತ್ತಾಳಿ ಕರಗಿಸಿ ಒಂದೊಂದೇ ಬೆಸದು ಆ ಸೈಕಲ್ ಮಾಡಿಕೊಟ್ಟಿದ್ದ. ಒಂದು ಬೆರಳಿನ್ಯಾಗ ಎತ್ತಬಹುದಿತ್ತು. "ಮನ್ಯಾಗ ಸವತಿ ಸಾಕೀರಿ, ಅಕೀಗಿ ಎಣ್ಣಿ, ನನಗ ಬೈಗುಳ" ಅಂತ ಹೆಂಡ್ತಿ ದಿನಾ ಕುಟುಕ್ತಿದ್ದಳು. ಮೊಣಕಾಲು ಕೈಕೊಟ್ಟ ಮ್ಯಾಲೆ ಮಾರೋಣಂತ ನಾ ಅಂದ್ರ, ಅದೇ ಹೆಂಡ್ತಿ ಮಾರಿ ಸಣ್ಣದು ಮಾಡಿಕೊಂಡು ಅಡಗಿಮನಿ ಸೇರಿದಳು. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗ ಆತು. ನಾ ಕೊಟ್ಟೆ, ಅಕಿ ಕೊಡಲಿಲ್ಲ. ಮಾಸ್ತರು ಒಳಗ ಕುಂತು ಚಾ ಕುಡಿಯೋಮುಂದ ಅಂಗಳಕ್ಕ ಹೋಗಿ ಸಳಿ ಬಿಚ್ಚಿ ಗಂಟು ಹಾಕಿಕೊಂಡಾಳ.

ಕೊಂಡವರು ಕಮಲಾಪುರದಾಗ ಉರ್ದು ಕಲಸೋ ಮಾಸ್ತರು. ಸಣಕಲು ಮನುಷ್ಯ, ಮಾತು ಮೆತ್ತಗ. ಸೈಕಲ್ ಮುಟ್ಟೋಮುಂದ ಎರಡೂ ಕೈ ಅಂಗಿಗಿ ಒರಸಿಕೊಂಡ್ರು. ಟೆಂಪೋದಾಗ ಹಾಕಿ ಕಳಸ್ತೀನಿ ಅಂದ್ರ, "ನಕ್ಕೋ, ಬ್ಯಾಡ್ರಿ ಸರ್, ಇದರ ಮ್ಯಾಲೇ ಹೋಗ್ತೀನಿ, ಊರಾಗಿನ ಮಂದಿ ನೋಡ್ಲಿ" ಅಂತ ನಕ್ಕರು. ನಾನರ ಸುಮ್ನಿರಬೇಕೋ ಬ್ಯಾಡೋ? "ತೆಳು ಗಾಲಿ ಅವ, ಹಂಪ್ ಬಂದ್ರ ಹ್ಯಾಂಡಲ್ ತುಸು ಎತ್ತಿ ದಾಟಸ್ರಿ" ಅಂತ ಶಾಣ್ಯಾತನದ ಮಾತು ಹೇಳಿ ಕಳಿಸಿದ್ದೆ.

ಮಾಸ್ತರಿಗಿ ಫೋನ್ ಹಚ್ಚಿದೆ. ಗಂಟಿ ಹೊಡೀತು, ಎತ್ತಲಿಲ್ಲ. ಮತ್ತ ಹಚ್ಚಿದೆ, ಅದೇ ಕಥಿ. ಸಳಿ ಕಿಸೇದಾಗ ಹಾಕಿಕೊಂಡು ಸ್ಕೂಟರ್ ಹೊರಗ ತಗದೆ. ಹೆಂಡ್ತಿ ಬಾಗಲ್ದಾಗ ನಿಂತು, "ಏನಾತ್ರೀ? ನಾ ಏನ್ ತಪ್ಪು ಮಾಡೀನಿ?" ಅಂತ ಕೇಳಾಕತ್ತಿದ್ದಳು. "ಮನುಷ್ಯಾನ ಜೀವ ತಗದು ಜಗಲಿ ಮ್ಯಾಲೆ ಇಟ್ಟೀದಿ, ಪೂಜಿ ಮಾಡು!" ಅಂತ ಒದರಿ ಹೊಂಟೆ. ಅಕಿ ಮಾರಿ ಬಿಳಿಚಿಕೊಂಡಿದ್ದು ಕಂಡೆ. ಆದ್ರೂ ನಿಲ್ಲಲಿಲ್ಲ.

ಹುಮನಾಬಾದ್ ರಸ್ತಾದಾಗ ಮಟಮಟ ಮಧ್ಯಾಹ್ನದ ಬಿಸಿಲು, ಡಾಂಬರು ನೀರಿನಂಗ ಹೊಳೀತಿತ್ತು. ಎಡಗಣ್ಣು ಅದರಾಕತ್ತಿತ್ತು. ಇಂಥವನ್ನೆಲ್ಲಾ ನಂಬೋ ಹೆಂಡ್ತಿನ್ನ ಬೈಕೋತ, ನಾನೂ ಆ ಕಣ್ಣು ತಿಕ್ಕಿಕೋತ ಹೊಂಟಿದ್ದೆ. ಹಳ್ಳಿಗೊಂದು ಹಂಪ್. ಅದ್ಯಾವ ಪುಣ್ಯಾತ್ಮ ಹಾಕಿಸ್ಯಾನೋ! ಪ್ರತಿ ಹಂಪ್ ಹತ್ರ ಮೊದಲು ನೆಲ ನೋಡತಿದ್ದೆ, ರಕ್ತ ಏನರ ಅದ ಏನಂತ. ಒಂದು ಕಡೆ ಪಾನಂಗಡಿಯವನ್ನ ಕೇಳಿದೆ. "ತೆಳು ಸೈಕಲ್ ಸಾಬ್ರೇನ್ರಿ? ಹೋದ್ರಲ್ಲ, ಗಾಳಿ ಹೋದಂಗ ಹೋದ್ರು!" ಅಂದ. ಅದನ್ನ ಕೇಳಿ ಸಮಾಧಾನ ಆಗಬೇಕಿತ್ತು, ನಾ ಸ್ಕೂಟರ್ ಇನ್ನೂ ಜೋರು ಬಿಟ್ಟೆ. ಒಂದು ಹಂಪಿನ್ಯಾಗ ಉಳದ್ರ ಮುಂದಿಂದು ಕಾಯತಿರ್ತದ.

ಮಹಾಗಾಂವ ಕ್ರಾಸ್ ದಾಟಿದ್ರೂ ಮನುಷ್ಯಾ ಕಾಣಲಿಲ್ಲ. ಎದುರಿಗೆ ಒಂದು ಅಂಬುಲೆನ್ಸ್ ಕೂಗಿಕೋತ ಬಂತು. ನಾ ಸ್ಕೂಟರ್ ಬದಿಗೆ ತಗೊಂಡು, ಅದರಾಗ ಯಾರದಾರಂತ ಕೇಳಲಾರದೆ ಹಂಗ ನಿಂತೆ. ಅದು ಹೋತು. ಹಿಂದ ಹೋಗಲ್ಯೋ, ಮುಂದ ಹೋಗಲ್ಯೋ ತಿಳೀಲಿಲ್ಲ. ಕಡೀಗಿ ಮುಂದಕ್ಕೇ ಹೋದೆ.

ಕಮಲಾಪುರ ಹತ್ರ ಬಂದಂಗ ರಸ್ತಾ ಇಳಕಲಕ್ಕ ಬೀಳತದ. ಇಳಕಲದ ಕೆಳಗ ಕೆಂಪು ಬಾಳಿಹಣ್ಣಿನ ಅಂಗಡಿ, ಅದರ ಮುಂದ ಒಂದು ಹಂಪ್. ಅಲ್ಲಿ ಮಂದಿ ನೆರದಿದ್ರು.

ಮಾಸ್ತರು ನೆಲದ ಮ್ಯಾಲೆ ಕುಂತಿದ್ರು. ಗದ್ದ ಹರದು ರಕ್ತ ಅಂಗಿ ತುಂಬ ಇಳದಿತ್ತು. ಬಲಗೈ ಮಣೀಬಾರದ ಕಡೆ ಮಣದಿತ್ತು. ಯಾರೋ ದೂರ ಬಿದ್ದಿದ್ದ ಗಾಲಿ ತಂದು ಅವರ ಮಗ್ಗಲಿಗೆ ಇಟ್ಟಿದ್ರು. ನನ್ನ ಕಂಡ ಕೂಡಲೇ ಏಳಾಕ ನೋಡಿದ್ರು.

"ಮಾಫ್ ಮಾಡ್ರಿ ಸರ್," ಅಂದ್ರು. "ನಿಮ್ಮ ಸೈಕಲ್ ಒಂದೇ ದಿನದಾಗ ಕೆಡಿಸಿದೆ. ನೀವು ಹೇಳದಂಗ ಎತ್ತಿ ದಾಟಿಸಿದೆ, ನನಗ ಬರಲಿಲ್ಲ ಕಾಣತದ."

ಭೂಮಿ ಬಾಯಿ ಬಿಟ್ರ ಹೊಕ್ಕೊಳ್ಳತಿದ್ದೆ. ಕಿಸೇದಾಗಿನ ಸಳಿ ತಗದು ಅವರ ಎಡಗೈಯಾಗ ಇಟ್ಟೆ.

"ನಿಮಗ ಬರಲಾರದ್ದಲ್ರಿ. ಇದು ಗಾಲ್ಯಾಗ ಇರಬೇಕಿತ್ತು, ನಮ್ಮ ಮನ್ಯಾಗ ಉಳೀತು. ಇದಿಲ್ಲದಕ್ಕ ಬಿದ್ದೀರಿ."

ಅವರು ಸಳಿ ನೋಡಿದ್ರು, ನನ್ನ ನೋಡಿದ್ರು. "ಯಾರು ತಗದ್ರು?"

ದಾರಿ ತುಂಬ ನಾ ಹೆಂಡ್ತಿಗಿ ಬೈದದ್ದು ಒಂದ ಎರಡ? ಅಕಿ, ಅಕಿ ತವರುಮನಿ, ಅಕಿ ಎಮ್ಮಿ, ಯಾವುದನ್ನೂ ಬಿಟ್ಟಿದ್ದಿಲ್ಲ.

"ನಾನ," ಅಂದೆ.

ಆಟೋ ಬಂತು. ದವಾಖಾನಿಗಿ ಹೋಗೋಮುಂದ ಅವರ ತಲಿ ನನ್ನ ಹೆಗಲ ಮ್ಯಾಲೆ ಇತ್ತು, ರಸ್ತಾದಾಗ ಒಂದೊಂದು ತಗ್ಗು ಬಂದಾಗೂ "ಯಾ ಅಲ್ಲಾ" ಅಂತ ಹಲ್ಲು ಕಚ್ಚತಿದ್ರು. ನನ್ನ ಫೋನ್ ಹೊಡಕೊಳ್ಳಾಕತ್ತಿತು. ಮನಿಯಿಂದ. ನಾ ಎತ್ತಲಿಲ್ಲ. ನಿಂತು, ಮತ್ತ ಹೊಡಕೊಂತು.

"ಎತ್ತರಿ ಸರ್," ಅಂದ್ರು ಮಾಸ್ತರು, ಕಣ್ಣು ಮುಚ್ಚಿಕೊಂಡೇ. "ಚಾ ಕುಡಿಯೋಮುಂದ ಕಿಡಕ್ಯಾಗಿಂದ ನೋಡಿದ್ದೆ. ಅಕ್ಕ ಗಾಲಿ ಮಗ್ಗಲಿಗೆ ಕುಂತಿದ್ರು. ಪಾಪ, ಕಡೀ ಸಲ ಒರಸಾಕತ್ತಾರಂತ ತಿಳಕೊಂಡಿದ್ದೆ. ಜೀವ ಅದ ಅಂತ ಹೇಳ್ರಿ ಅವರಿಗಿ."

ನಾ ಫೋನ್ ಎತ್ತಿದೆ. ಆ ಕಡಿಂದ ಅಕಿ ಉಸಿರಷ್ಟೇ ಕೇಳತಿತ್ತು. "ನೀವ ಹೇಳ್ರಿ" ಅಂತ ಫೋನ್ ಮಾಸ್ತರ ಕಿವಿಗೇ ಹಿಡದೆ.