ಹಸಿರನ್ನು ಹಳದಿ ಎನ್ನದ ಅಭಯಕುಮಾರ ಮಾಸ್ತರರು

“ಏನ್ರಿ ಮಾಸ್ತರ, ನೌಕರಿ ಮುಗೀತು, ಸಂಗಾಟ ಕಣ್ಣೂ ಮುಗದಾವಲ್ರಿ! ಹಸರ ಯಾವುದು, ಹಳದಿ ಯಾವುದು, ಮನ್ಯಾಗ ಮಮ್ಮಕ್ಕಳನ್ನ ಕೇಳ್ಕೊಂಡ ಬರ್ರಿ.”

ಕೊಲ್ಹಾಪುರದಲ್ಲಿ ಬಣ್ಣದ ಮೀನುಗಳ ಅಂಗಡಿ ಇಟ್ಟಿರುವ ಭಾವುಸಾಹೇಬರು ಒಂದು ರವಿವಾರ ಗಿರಾಕಿಗಳಿಂದ ತುಂಬಿದ ಅಂಗಡಿಯಲ್ಲಿ ಹೀಗೆಂದರು. ಗಿರಾಕಿಗಳು ನಕ್ಕರು. ಅವರು ಯಾರನ್ನು ನೋಡಿ ನಕ್ಕರೋ ಆ ಶ್ರೀ ಅಭಯಕುಮಾರರು ಇಚಲಕರಂಜಿಯ ಬಟ್ಟೆಗೆ ಬಣ್ಣ ಕಟ್ಟುವ ಕಸುಬಿನಲ್ಲಿ ಮೂರು ದಶಕಕ್ಕೂ ಮಿಗಿಲಾಗಿ ದುಡಿದು, ಎರಡು ಬಣ್ಣಗಳ ನಡುವಣ ವ್ಯಾಜ್ಯವೆದ್ದಾಗಲೆಲ್ಲ ಮಾಲಕರೂ ವ್ಯಾಪಾರಿಗಳೂ ಯಾರ ಮಾತನ್ನು ಕೊನೆಯ ಮಾತೆಂದು ಒಪ್ಪುತ್ತಿದ್ದರೋ ಅಂಥ ಡೈಯಿಂಗ್ ಮಾಸ್ತರರು. ಅವರ ನಿವೃತ್ತಿಯ ಈ ಅಭಿನಂದನ ಗ್ರಂಥಕ್ಕೆ ಸೌಮ್ಯವಾಗಿ ಬರೆಯಬೇಕೆಂದು ಸಂಪಾದಕರು ನನಗೆ ಹೇಳಿದ್ದಾರೆ. ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸೌಮ್ಯವಾಗಿ ಬರೆಯುವುದನ್ನು ಒಂಬತ್ತನೆಯದರಲ್ಲಿ ಕಲಿಸುತ್ತಿದ್ದರೋ ಏನೋ.

ಮಾಸ್ತರರು ಕೊಲ್ಹಾಪುರದಲ್ಲಿ ರಸಾಯನಶಾಸ್ತ್ರ ಓದಿ, ಇಚಲಕರಂಜಿಯ ಶಹಾಪುರ ಭಾಗದ ಬಣ್ಣದ ಕಾರಖಾನೆಗೆ ಪ್ರಯೋಗಶಾಲೆಯ ಸಹಾಯಕರಾಗಿ ಸೇರಿ, ಅಲ್ಲಿಯೇ ಮಾಸ್ತರರಾದರು. ನಾನು ಅಲ್ಲಿ ಹಸಿ ಬಟ್ಟೆ ಎತ್ತುವ ಕೆಲಸಕ್ಕಿದ್ದೆ. ನಮ್ಮ ಉಗುರಿನ ಸಂದಿಯ ಬಣ್ಣ ಯಾವ ಸಾಬೂನಿಗೂ ಹೋಗುವಂಥದಲ್ಲ. ಒಮ್ಮೆ ಮಾಲಕರ ಮನೆಯ ಮದುವೆಯಲ್ಲಿ ಬಡಿಸುವವನೊಬ್ಬ ನಮ್ಮ ಕೈ ನೋಡಿ, “ನೀವ ಆಮ್ಯಾಲ ಕುಂದರ್ರೆಪಾ” ಎಂದು ಪಂಕ್ತಿಯಿಂದ ಎಬ್ಬಿಸಿದ. ಇನ್ನೊಂದು ಸಾಲಿನಲ್ಲಿದ್ದ ಮಾಸ್ತರರು ಬಡಿಸಿದ ಎಲೆ ಬಿಟ್ಟು ಎದ್ದು ಬಂದು, “ನನ್ನ ಕೈನೂ ನೋಡು ತಮ್ಮಾ. ನಾನೂ ಆಮ್ಯಾಲನ ಕುಂದರ್ತೀನಿ” ಎಂದರು. ನಮ್ಮ ಪಾಳಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟದ ಜೈನ ವ್ರತದವರು ಅವರು. ನಾವು ಉಂಡೇಳುವವರೆಗೆ ಪಕ್ಕದಲ್ಲಿ ಕೂತಿದ್ದು, ಉಪವಾಸ ಮನೆಗೆ ಹೋದರು. ಎಬ್ಬಿಸಿದವರ ಹೊಟ್ಟೆ ಮಾತ್ರ ತುಂಬಿಯೇ ಇತ್ತು.

ಮಗಳು ಮೃಣಾಲಳ ಆಸೆಗೆ ಅವರು ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ಇರಿಸಿದಾಗ ಜನ ಆಗಲೂ ಸುಮ್ಮನಿರಲಿಲ್ಲ. “ನೀರ ಸೋಸಿ ಕುಡಿಯೋ ಮನ್ಯಾಗ ಮೀನ ಯಾಕ್ರಿ ಮಾಸ್ತರ?” ಎಂದು ಬಸದಿಯ ಕಟ್ಟೆಯ ಮೇಲೆ ಕೆಣಕಿದರು. “ನಮಗ ಸೋಸ್ಕೊಳ್ಳಾಕ ಕೈ ಅದಾವು, ಅವಕ್ಕ ಇಲ್ಲ. ತಂದ ಮ್ಯಾಲ ಅವುಗಳ ನೀರ ನಾವ ನೋಡಬೇಕು” ಎಂದರು ಮಾಸ್ತರರು.

ಆ ನೋಡುವ ಬಗೆಯನ್ನು ನನಗೂ ಕಲಿಸಿದರು. ಕಾರಖಾನೆ ಬಿಟ್ಟು ಇವತ್ತು ನಾನು ಮನೆ ಮನೆಗೆ ಹೋಗಿ ಇಂಥ ತೊಟ್ಟಿಗಳನ್ನು ನಿಗಾ ಮಾಡಿ ಉಣ್ಣುತ್ತಿರುವುದು ಆ ವಿದ್ಯೆಯಿಂದ. ಮೀನಿನ ಹೊಲಸಿನಿಂದಲೇ ನೀರಿನಲ್ಲಿ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ, ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ಆದ್ದರಿಂದ ಶೀಸೆಯಲ್ಲಿ ನೀರು ಹಿಡಿದು, ಔಷಧದ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಿ ನೋಡಬೇಕು. ಹಳದಿಯಾದರೆ ನಿಶ್ಚಿಂತೆ, ಹಸಿರಿಗೆ ತಿರುಗಿದಷ್ಟೂ ವಿಷ. ಈ ಔಷಧ, ಕಾರ್ಡು ಕೂಡಿದ ಕಿಟ್ ಕೊಳ್ಳುವಾಗ ಉಪ್ಪುನೀರಿಗೆ ಸಲ್ಲುವುದೇ ಎಂದು ಮೊದಲು ಓದು; ಅವಧಿ ಮುಗಿದಿದ್ದರೆ ಪುಕ್ಕಟೆ ಕೊಟ್ಟರೂ ಒಯ್ಯಬೇಡ; ನೀರಿಗೆ ಅದ್ದಿ ನೋಡುವ ಕಾಗದದ ಪಟ್ಟಿ ಅವಸರದ ಕಣ್ಣಾಡಿಕೆಗೆ ಸಾಕು, ಜೀವದ ನಿರ್ಣಯಕ್ಕೆ ಸಾಲದು; ಹಳದಿಯಿಂದ ಹಸಿರಿಗೆ ಏರುವ ಬಣ್ಣದ ಮೊದಮೊದಲ ಮೆಟ್ಟಿಲುಗಳು ಹತ್ತಿರ ಹತ್ತಿರ ಇರುವ ಕಾರ್ಡನ್ನೇ ಆರಿಸು; ತೊಟ್ಟಿಯ ನೀಲಿ ದೀಪದಡಿ ನೋಡದೆ ಕಿಟಕಿಯ ಬೆಳಕಿಗೆ ಹಿಡಿದು ನೋಡು. ಇಷ್ಟನ್ನೂ ಅವರು ನನಗೆ ಒಮ್ಮೆಯೂ ಬೈಯದೆ ಹೇಳಿಕೊಟ್ಟರು. ಮೇಷ್ಟರ ಬೈಗುಳಕ್ಕೇ ಶಾಲೆ ಬಿಟ್ಟವನಿಗೆ ಅದೆಷ್ಟು ದೊಡ್ಡದೆಂದು ಓದಿದವರು ತಿಳಿಯಲಾರರು.

ಇನ್ನು ಆ ರವಿವಾರದ ಮಾತು. ಭಾವುಸಾಹೇಬರು ದೊಡ್ಡ ಬಾಟಲಿಯ ಔಷಧವನ್ನು ಸಣ್ಣ ಶೀಸೆಗಳಿಗೆ ಸುರಿದು, ಅಸಲಿ ಕಾರ್ಡಿನ ಬಣ್ಣದ ಝೆರಾಕ್ಸ್ ಜೋಡಿಸಿ, ಅದನ್ನೇ ಕಿಟ್ ಎಂದು ಮಾರುತ್ತಿದ್ದರು. ನಾನು ಒಯ್ದು ತೋರಿಸಿದ ಕಾರ್ಡನ್ನು ಮಾಸ್ತರರು ಬೆಳಕಿಗೆ ಹಿಡಿದು ನೋಡಿ, ಆ ಹೊತ್ತೇ ನನ್ನೊಡನೆ ಅಂಗಡಿಗೆ ಬಂದು, “ಇದರ ಹಳದಿ ಹಸರಿಗೆ ಹೊಳ್ಳೇತ್ರಿ. ನೀರ ಕೆಟ್ಟಿದ್ದರೂ ಚಲೋ ಐತಿ ಅಂತ ತೋರಸ್ತೈತಿ. ಮಾರಬ್ಯಾಡ್ರಿ” ಎಂದು ಮೆಲ್ಲಗೆ ಹೇಳಿದರು. ಅದಕ್ಕೆ ಬಂದ ಉತ್ತರವೇ ಮೇಲೆ ಬರೆದ ಮಾತು. ನಾನು ಭಾವುಸಾಹೇಬರು ಕೂತಿದ್ದ ಹಣದ ಗಲ್ಲೆಯ ಕಡೆ ನುಗ್ಗಿದೆ. ಮಾಸ್ತರರು ನನ್ನ ರಟ್ಟೆ ಹಿಡಿದು, “ಸಿದ್ರಾಮ, ಜಗಳ ಆಮ್ಯಾಲ. ಈ ಕಾರ್ಡ ಮತ್ತ ಯಾರ್ಯಾರ ಒಯ್ದಾರ?” ಎಂದರು.

ಗಡಹಿಂಗ್ಲಜದ ಶಿಕ್ಷಕಿ ನೂತನ ಅವರು ಒಯ್ದದ್ದು ನನಗೆ ಗೊತ್ತಿತ್ತು. ಬಸ್ಸು ಹಿಡಿದು ಹೋದೆವು. ಅವರ ಜೋಡಿ ಮೀನುಗಳಲ್ಲಿ ಒಂದು ತಳದಲ್ಲಿ ಬಿದ್ದಿತ್ತು, ಇನ್ನೊಂದು ಮೇಲೆ ಬಂದು ಬಾಯಿ ಬಿಡುತ್ತಿತ್ತು.

“ದಿನಾ ನೋಡಾಕತ್ತೇನ್ರಿ! ಇವತ್ತ ಮುಂಜಾನೆನೂ ಏನಿಲ್ಲ ಅಂತನ ತೋರಸ್ತು. ನಾನ ಕೊಂದೆ ಏನ್ರಿ?” ಎಂದು ನೂತನ ಅವರು ಅತ್ತರು.

“ನೀವಲ್ರಿ ಅಕ್ಕಾರ. ನೀವ ಬರೋಬ್ಬರಿ ನೋಡೀರಿ, ಕಾರ್ಡ ಸುಳ್ಳ ಹೇಳೇತಿ” ಎಂದ ಮಾಸ್ತರರು ಅಂಗಿಯ ತೋಳು ಮಡಚಿ, ಹೊಸ ಉಪ್ಪುನೀರು ಕಲಸಲು ನನಗೆ ಹೇಳಿ, ಹಳೆಯ ನೀರನ್ನು ತಾವೇ ಎತ್ತಿ ಸುರಿದರು. ಒಂದು ಮೀನು ಉಳಿಯಿತು.

ಇಂಥ ಹಿರಿಯರಿಗೆ ದೀರ್ಘಾಯುಷ್ಯ ಬೇಡುವುದು ನನ್ನ ಸ್ವಾರ್ಥವೂ ಹೌದು. ಅವರು ಬಹುಕಾಲ ಬಾಳಲಿ, ಕಾರಖಾನೆ ಕಳೆದುಕೊಂಡ ಆ ಕಣ್ಣು ನಮ್ಮ ಮನೆಗಳ ನೀರನ್ನಾದರೂ ಕಾಯುತ್ತಿರಲಿ. ಇಲ್ಲಿಗೆ ಮುಗಿಸುವುದು ರೂಢಿ. ಆದರೆ ಕಳೆದ ತಿಂಗಳು ಆದದ್ದನ್ನು ಬರೆಯದೆ ಹೋದರೆ ನಾನು ಬರೆದದ್ದೆಲ್ಲ ಬರೀ ಹೊಗಳಿಕೆಯಾಗುತ್ತದೆ.

ಕೊಲ್ಹಾಪುರದಲ್ಲಿ ಮೀನು ಸಾಕುವವರ ಸಭೆ ಸೇರಿತ್ತು. ಅಷ್ಟರಲ್ಲಿ ಭಾವುಸಾಹೇಬರು ಝೆರಾಕ್ಸ್ ಕಾರ್ಡುಗಳನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆದು, ಸೀಲು ಮಾಡಿದ ಕಿಟ್ ತರಿಸಿದ್ದರು. ಮಾಸ್ತರರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕ್ಷಮೆಯ ಒಂದು ಮಾತಿಲ್ಲ! ಮೈಕು ಹಿಡಿದು ಸಭೆಗೆ ಹೇಳಿದರು:

“ಕಣ್ಣ ಅಂದ್ರ ಮಾಸ್ತರ ಕಣ್ಣ! ನಮ್ಮ ಹೊಸಾ ಕಿಟ್ ಅವರೇ ಪಾಸ್ ಮಾಡ್ಯಾರ. ಮಾಸ್ತರ, ಇನ್ನೊಂದ ಮಾತ ಹೇಳಿಬಿಡ್ರಿ. ನಮ್ಮ ಮೊದಲಿನ ಕಾರ್ಡೂ ಬರೋಬ್ಬರಿನ ಇದ್ದುವು, ನೂತನಬಾಯಿ ನೋಡೂದ್ರಾಗ ತಪ್ಪ ಮಾಡ್ಯಾರ. ಇಷ್ಟ ಅಲ್ರಿ?”

ನೂತನ ಅವರು ಮುಂದಿನ ಸಾಲಿನಲ್ಲಿಯೇ ಇದ್ದರು. ಸಭೆಯೆಲ್ಲ ಅವರ ಕಡೆ ಹೊರಳಿ ನೋಡಿತು. ಅವರು ತಲೆ ಎತ್ತಲಿಲ್ಲ. ಭಾವುಸಾಹೇಬರು ಮೈಕನ್ನು ಮಾಸ್ತರರ ಮುಂದೆ ಹಿಡಿದರು. ಮಾಸ್ತರರು ಹೆಗಲ ಮೇಲಿನ ಶಾಲು ತೆಗೆದು, ಅಂಚಿಗೆ ಅಂಚು ಕೂಡಿಸಿ ಮಡಚಿ, ಮೇಜಿನ ಮೇಲಿಟ್ಟು ಕೆಳಗಿಳಿದರು.

“ಮಾಸ್ತರ! ಏನರೆ ಹೇಳ್ರಿ, ಮಂದಿ ಕುಂತೇತಿ!”

ಭಾವುಸಾಹೇಬರ ಈ ಕೂಗಿಗೆ ಮಾಸ್ತರರು ತಿರುಗಿ ನೋಡಲಿಲ್ಲ. ನೂತನ ಅವರ ಕುರ್ಚಿಯ ಬಳಿ ನಿಂತು, “ಏಳ್ರಿ ಅಕ್ಕಾರ, ಗಡಹಿಂಗ್ಲಜ ಬಸ್ಸಿಗೆ ಹೊತ್ತಾತು” ಎಂದು, ಅವರನ್ನು ಮುಂದೆ ಬಿಟ್ಟುಕೊಂಡು ಸಾಲುಗಳ ನಡುವೆ ನಡೆದು ಹೊರಗೆ ಹೋದರು.